ಅಳಿಸದ ಪಾಠ: ಪೋಸ್ಟ್‌ಗ್ರೆಸ್ ದತ್ತಾಂಶಕೋಶದ ಇತಿಹಾಸವೂ ಪಾಲನೆಯೂ

ಗ್ರಂಥವೊಂದು ಉಳಿದುಬರಲು ಅದನ್ನು ರಚಿಸಿದವನಷ್ಟೇ ಪ್ರತಿ ಮಾಡಿದವನೂ ಕಾಪಾಡಿದವನೂ ಕಾರಣರೆಂಬುದು ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರಿಗೆಲ್ಲ ವಿದಿತವಾದ ಸಂಗತಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಜೈನ ಪರಂಪರೆ ಇಂದಿಗೂ ಸ್ಮರಿಸುವುದು ಈ ಕಾರಣದಿಂದಲೇ. ಈಚಿನ ದಶಕಗಳಲ್ಲಿ ಹಸ್ತಪ್ರತಿಗಳ ಸೂಚಿಗಳು, ಓಲೆಗರಿಗಳ ಛಾಯಾಪ್ರತಿಗಳ ವಿವರಗಳು, ಸಂಶೋಧನ ಪ್ರಬಂಧಗಳು ಗಣಕಯಂತ್ರದ ದತ್ತಾಂಶಕೋಶಗಳನ್ನು, ಅಂದರೆ ಡೇಟಾಬೇಸ್‌ಗಳನ್ನು, ಸೇರುತ್ತಿವೆ. ಅಮೆರಿಕದ ಎಂಐಟಿ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಗಳು 2002ರಲ್ಲಿ ಹೊರತಂದ ಡಿಸ್ಪೇಸ್ ಎಂಬ ತಂತ್ರಾಂಶವನ್ನು ಅನೇಕ ಗ್ರಂಥಾಲಯಗಳು ಬಳಸುತ್ತವೆ. ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧ ಭಂಡಾರವಾದ ಶೋಧಗಂಗಾ ಇದರ ಮೇಲೆಯೇ ಕಟ್ಟಲ್ಪಟ್ಟದ್ದು. ಈ ಡಿಸ್ಪೇಸ್ ತನ್ನ ವಿವರಗಳನ್ನಿರಿಸಲು ಆಶ್ರಯಿಸುವ ಕೋಶ ಪೋಸ್ಟ್‌ಗ್ರೆಸ್‌ಕ್ಯೂಎಲ್. ಆದುದರಿಂದ ಈ ಕೋಶದ ಬೆಳವಣಿಗೆಯನ್ನೂ, ಅದರಲ್ಲಿ ಉಂಟಾದ ಕ್ಷತಿಗಳನ್ನೂ, ಅವುಗಳ ಪರಿಹಾರಗಳನ್ನೂ ಅರಿಯುವುದು ಗ್ರಂಥಭಂಡಾರಗಳ ಪಾಲಕರಿಗೆ ಅಪ್ರಸ್ತುತವಲ್ಲ. ನಾಲ್ಕು ದಶಕಗಳ ಈ ಇತಿಹಾಸದಿಂದ ಸಿದ್ಧವಾಗುವ ಮುಖ್ಯಾಂಶ ಇದು: ನಷ್ಟಗಳಿಗೆ ಯಂತ್ರದ ದೌರ್ಬಲ್ಯ ಒಂದು ಕಾರಣವಾದರೆ, ಪರೀಕ್ಷಿಸದೆ ನಂಬಿದುದು ಅದಕ್ಕಿಂತ ದೊಡ್ಡ ಕಾರಣ.

1. ಹುಟ್ಟು

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ನಿರೂಪಿಸಬಹುದೆಂಬ ತತ್ತ್ವವನ್ನು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಂಡಿಸಿದನು. ಅದನ್ನು ಕಾರ್ಯರೂಪಕ್ಕೆ ತರಲು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ 1973ರಲ್ಲಿ ಇಂಗ್ರೆಸ್ ಎಂಬ ಯೋಜನೆಯನ್ನು ಆರಂಭಿಸಿದರು. ಇಂಗ್ರೆಸ್‌ನ ನಂತರದ್ದೆಂಬ ಅರ್ಥದಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಿನ ಹೊಸ ಯೋಜನೆ ಅಲ್ಲಿಯೇ 1986ರಲ್ಲಿ ಮೊದಲಾಯಿತು. ಅದರ ಮೊದಲ ಆವೃತ್ತಿ 1989ರ ಜೂನ್‌ನಲ್ಲಿ ಹೊರಗಿನ ಕೆಲವು ಬಳಕೆದಾರರ ಕೈಸೇರಿತು. ನಾಲ್ಕನೆಯ ಆವೃತ್ತಿಯೊಂದಿಗೆ ವಿಶ್ವವಿದ್ಯಾಲಯದ ಯೋಜನೆ ಮುಗಿದ ಬಳಿಕ, ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ವಿದ್ಯಾರ್ಥಿಗಳು 1994ರಲ್ಲಿ ಅದಕ್ಕೆ ಎಸ್‌ಕ್ಯೂಎಲ್ ಭಾಷೆಯನ್ನು ಅಳವಡಿಸಿದರು. 1996ರಲ್ಲಿ ಅದಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇಂದಿನ ಹೆಸರು ಬಂದಿತು. ಅಂದಿನಿಂದ ಅದು ಯಾವ ಒಂದು ಸಂಸ್ಥೆಯ ಸ್ವತ್ತೂ ಆಗದೆ, ಹಲವು ದೇಶಗಳ ಪರಿಶ್ರಮಿಗಳ ಕೈಯಲ್ಲಿ ಬೆಳೆದುಬಂದಿದೆ. ಶುಲ್ಕವಿಲ್ಲದೆ ಬಳಸಲು, ಪ್ರತಿ ಮಾಡಲು, ತಿದ್ದಲು, ಹಂಚಲು ಅದರ ಪರವಾನಗಿ ಅನುಮತಿಸುತ್ತದೆ. ಮೂಲವನ್ನು ಯಾರು ಬೇಕಾದರೂ ಓದಬಹುದಾದ ಕಾರಣ, ಅದರ ದೋಷಗಳ ಚರಿತ್ರೆಯೂ ಮರೆಯಾಗದೆ ಬಹಿರಂಗವಾಗಿಯೇ ದಾಖಲಾಗಿ ಉಳಿದಿದೆ.

2. ಹಳೆಯ ಪಾಠ ಉಳಿಯುವ ಕ್ರಮ

ಬರ್ಕ್ಲಿಯ ಮೂಲ ವಿನ್ಯಾಸದ ವೈಶಿಷ್ಟ್ಯವೆಂದರೆ ಬರೆದುದನ್ನು ಅಳಿಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯದಿರುವುದು. ಸಾಲೊಂದನ್ನು ತಿದ್ದಿದಾಗ ಹೊಸ ಸಾಲು ಬೇರೆಡೆ ಹುಟ್ಟುತ್ತದೆ. ಹಳೆಯದು ಇದ್ದಲ್ಲಿಯೇ ಇದ್ದು, ಅದು ಯಾವ ವ್ಯವಹಾರದಿಂದ ಹುಟ್ಟಿತು, ಯಾವುದರಿಂದ ಕೊನೆಗೊಂಡಿತು ಎಂಬ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. ಉತ್ಪಾದ, ವ್ಯಯ, ಧ್ರೌವ್ಯಗಳ ವಿಚಾರವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಆದರೆ ಇಲ್ಲಿರುವುದು ತೋರಿಕೆಯ ಸಾದೃಶ್ಯ ಮಾತ್ರ. ವಿನ್ಯಾಸಕಾರರ ಉದ್ದೇಶ ಕೇವಲ ವ್ಯಾವಹಾರಿಕವಾಗಿದ್ದಿತು. ಹಿಂದಿನ ಯಾವುದೇ ದಿನದ ಸ್ಥಿತಿಯನ್ನು ಕೇಳಿ ಪಡೆಯುವ ಸೌಕರ್ಯ ಆ ಕಾಲದ ಪೋಸ್ಟ್‌ಗ್ರೆಸ್‌ನಲ್ಲಿದ್ದಿತು. ಸ್ಥಳ ಮತ್ತು ವೇಗಗಳ ಹೊರೆಯಿಂದಾಗಿ 1997ರ 6.2ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಆದರೆ ಹಳೆಯ ಸಾಲನ್ನು ಕೂಡಲೇ ಅಳಿಸದಿರುವ ಕ್ರಮ ಉಳಿಯಿತು. 1999ರ 6.5ನೆಯ ಆವೃತ್ತಿಯಿಂದ ಅದರ ಪ್ರಯೋಜನ ಬೇರೆಯಾಯಿತು: ಒಬ್ಬನು ತಿದ್ದುತ್ತಿರುವಾಗಲೂ ಮತ್ತೊಬ್ಬನು ತಾನು ಓದತೊಡಗಿದ ಕ್ಷಣದ ಪಾಠವನ್ನು ತಡೆಯಿಲ್ಲದೆ ಓದಬಲ್ಲವನಾದನು.

ಯಾರಿಗೂ ಬೇಡವಾದ ಹಳೆಯ ಸಾಲುಗಳನ್ನು ಗುಡಿಸುವ ಕಾರ್ಯಕ್ಕೆ ವ್ಯಾಕ್ಯೂಮ್ ಎಂದು ಹೆಸರು. ಮೊದಲು ಇದು ನಡೆಯುವಾಗ ಕೋಷ್ಟಕವನ್ನು ಇತರರಿಗೆ ಮುಚ್ಚಬೇಕಾಗಿದ್ದಿತು, 2002ರ 7.2ನೆಯ ಆವೃತ್ತಿಯಿಂದ ಆ ನಿರ್ಬಂಧ ತೊಲಗಿತು. ಪಾಲಕರು ಈ ಕಾರ್ಯವನ್ನು ಮರೆಯುವುದನ್ನು ಕಂಡು 2005ರ 8.1ರಲ್ಲಿ ತಾನಾಗಿ ನಡೆಯುವ ವ್ಯಾಕ್ಯೂಮನ್ನು ಕೋಶದೊಳಗೇ ಸೇರಿಸಲಾಯಿತು. 2008ರ 8.3ರಿಂದ ಅದು ಯಾರೂ ಹೇಳದಿದ್ದರೂ ನಡೆಯತೊಡಗಿತು. ಇಷ್ಟಾದರೂ ದಿನಗಟ್ಟಲೆ ಮುಗಿಯದೆ ತೆರೆದಿರುವ ವ್ಯವಹಾರವೊಂದಿದ್ದರೆ, ಅಥವಾ ಯಾರೂ ಬಳಸದ ಅನುಕೃತಿಗಾಗಿ ಕಾದಿರಿಸಿದ ಗುರುತೊಂದು ಉಳಿದಿದ್ದರೆ, ವ್ಯಾಕ್ಯೂಮ್ ನಡೆದೂ ಏನನ್ನೂ ಗುಡಿಸಲಾರದು. ಕೋಶ ಕಾರಣವಿಲ್ಲದೆ ಉಬ್ಬುತ್ತಿದೆಯೆಂದು ಕಂಡಾಗ ಪಾಲಕನು ಮೊದಲು ಹುಡುಕಬೇಕಾದದ್ದು ಇವನ್ನೇ.

ಇಲ್ಲಿ ಇನ್ನೂ ಗಂಭೀರವಾದ ಸಮಸ್ಯೆಯೊಂದುಂಟು. ಶಕವರ್ಷವನ್ನು ಹೇಳದೆ ಪ್ರಭವಾದಿ ಸಂವತ್ಸರದ ಹೆಸರನ್ನಷ್ಟೇ ಹೇಳುವ ಪುಷ್ಪಿಕೆ ಓದುಗನನ್ನು ಸಂಶಯಕ್ಕೀಡುಮಾಡುತ್ತದೆ: ಅರುವತ್ತು ವರ್ಷಗಳ ಚಕ್ರ ಮರಳುವುದರಿಂದ ಅದು ಯಾವ ಸುತ್ತಿನದೆಂದು ನಿಶ್ಚಯಿಸಲಾಗದು. ಪೋಸ್ಟ್‌ಗ್ರೆಸ್‌ನ ವ್ಯವಹಾರ ಸಂಖ್ಯೆಯೂ ಇಂತಹ ಚಕ್ರವೇ. 32 ಬಿಟ್‌ಗಳ ಆ ಸಂಖ್ಯೆ ಸುಮಾರು 430 ಕೋಟಿಗೆ ಮರಳಿ ಮೊದಲಿಗೆ ಬರುತ್ತದೆ. ಯಾವ ಸಂಖ್ಯೆಯಿಂದ ನೋಡಿದರೂ ಅರ್ಧ ಭಾಗ ಭೂತ, ಅರ್ಧ ಭಾಗ ಭವಿಷ್ಯತ್ತು. ಹೀಗಾಗಿ ಬಹು ಹಳೆಯ ಸಾಲೊಂದು ಒಮ್ಮೆಗೇ ಭವಿಷ್ಯದ್ದಾಗಿ ತೋರಿ, ಇದ್ದೂ ಕಾಣದಂತಾಗಬಹುದು. ಇದನ್ನು ತಡೆಯಲು 7.2ನೆಯ ಆವೃತ್ತಿಯಿಂದ ವ್ಯಾಕ್ಯೂಮ್ ಹಳೆಯ ಸಾಲುಗಳಿಗೆ ಎಂದೆಂದಿಗೂ ಹಳೆಯದೆಂಬ ಮುದ್ರೆಯನ್ನೊತ್ತುತ್ತದೆ. ಮುದ್ರೆಯೊತ್ತುವ ಕೆಲಸ ಹಿಂದುಳಿದು, ಉಳಿದ ಸಂಖ್ಯೆಗಳು 30 ಲಕ್ಷಕ್ಕಿಂತ ಕಡಿಮೆಯಾದರೆ, ಈಚಿನ ಆವೃತ್ತಿಗಳಲ್ಲಿ ಕೋಶ ಹೊಸ ಬರೆಹವನ್ನೇ ನಿರಾಕರಿಸುತ್ತದೆ. 2015ರ ಜುಲೈನಲ್ಲಿ ಸೆಂಟ್ರಿ ಎಂಬ ಗಣಕಸೇವೆ ಇದೇ ಕಾರಣದಿಂದ ಒಂದು ದಿನದ ಬಹುಭಾಗ ಸ್ತಬ್ಧವಾಗಿದ್ದಿತು. ತಪ್ಪು ಪಾಠವನ್ನು ಕೊಡುವುದಕ್ಕಿಂತ ಮೌನ ಲೇಸೆಂಬುದು ಇಲ್ಲಿಯ ನೀತಿ.

3. ಪೂರ್ವಲೇಖ ಮತ್ತು ಹೆಸರಿನ ದೋಷ

2001ರ 7.1ನೆಯ ಆವೃತ್ತಿಯಲ್ಲಿ ಪೂರ್ವಲೇಖದ ಪದ್ಧತಿ ಬಂದಿತು. ಕೋಷ್ಟಕಕ್ಕೆ ಆಗಬೇಕಾದ ಪ್ರತಿಯೊಂದು ಮಾರ್ಪಾಟನ್ನೂ ಮೊದಲು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟು, ವಿದ್ಯುತ್ತು ಹೋಗಿ ಯಂತ್ರ ನಿಂತರೆ ಆ ಕಡತವನ್ನೋದಿ ಕೋಶವನ್ನು ಸರಿಪಡಿಸಿಕೊಳ್ಳುವುದೇ ಈ ಪದ್ಧತಿ. 2005ರ 8.0ರಲ್ಲಿ ಇದೇ ಲೇಖದ ನೆರವಿನಿಂದ ಕೋಶವನ್ನು ಹಿಂದಿನ ನಿರ್ದಿಷ್ಟ ಕ್ಷಣಕ್ಕೆ ಮರಳಿಸುವ ಸಾಮರ್ಥ್ಯವೂ, 2010ರ 9.0ರಲ್ಲಿ ದೂರದ ಯಂತ್ರದಲ್ಲಿ ಸತತವಾಗಿ ಅನುಕೃತಿಯನ್ನು ಬೆಳೆಸುವ ಸಾಮರ್ಥ್ಯವೂ ಕೂಡಿಬಂದವು.

ಆದರೆ ಈ ಅಮೂಲ್ಯ ಕಡತಗಳಿದ್ದ ಸ್ಥಳದ ಹೆಸರು ಪಿಜಿ-ಎಕ್ಸ್‌ಲಾಗ್ ಎಂದಿದ್ದಿತು. ವ್ಯವಹಾರಗಳ ಸ್ಥಿತಿಯನ್ನು ತಿಳಿಸುವ ಸ್ಥಳ ಪಿಜಿ-ಸಿಲಾಗ್. ಲಾಗ್ ಎಂಬ ಮಾತನ್ನು ಕಂಡ ಕೆಲವರು, ಇವು ಕೇವಲ ದಿನಚರಿಯ ಟಿಪ್ಪಣಿಗಳೆಂದು ಭಾವಿಸಿ, ಡಿಸ್ಕ್ ತುಂಬಿದಾಗ ಇವನ್ನೇ ಅಳಿಸಿ ಮರಳಿಬಾರದ ನಷ್ಟಕ್ಕೊಳಗಾದರು. ಆ ಕಾರಣದಿಂದಲೇ 2017ರ 10ನೆಯ ಆವೃತ್ತಿಯಲ್ಲಿ ಅವನ್ನು ಪಿಜಿ-ವಾಲ್, ಪಿಜಿ-ಎಕ್ಸಾಕ್ಟ್ ಎಂದು ಹೆಸರು ಬದಲಿಸಲಾಯಿತು. ರಟ್ಟಿನ ಮೇಲಿನ ತಪ್ಪು ಹೆಸರಿನಿಂದ ಒಳಗಿನ ಗ್ರಂಥ ಅಲಕ್ಷ್ಯಕ್ಕೊಳಗಾಗುವುದು ಹಸ್ತಪ್ರತಿ ಭಂಡಾರಗಳಲ್ಲಿಯೂ ಕಾಣುವ ಅನರ್ಥ. ಪೂರ್ವಲೇಖ ಕೆಟ್ಟಾಗ ಅದನ್ನು ಬದಿಗೊತ್ತಿ ಕೋಶವನ್ನು ತೆರೆಯುವ ಉಪಕರಣವೊಂದುಂಟು. ಅದು ಸಂಪಾದಕನ ಊಹಾಪಾಠಕ್ಕೆ ಸಮಾನ. ಬೇರೆ ದಾರಿಯಿಲ್ಲದಾಗ ಮಾತ್ರ ಬಳಸತಕ್ಕದ್ದು. ಬಳಸಿದ ಮೇಲೆ ಸಿಕ್ಕಷ್ಟನ್ನು ಹೊರತೆಗೆದು, ಪರಿಶೀಲಿಸಿ, ಹೊಸ ಕೋಶದಲ್ಲಿ ಇರಿಸಬೇಕು.

4. ಅಕ್ಷರಕ್ರಮ ಮತ್ತು ಸುಳ್ಳು ಸಮ್ಮತಿ

ಶಬ್ದಸೂಚಿಯಲ್ಲಿ ಅನುಸ್ವಾರವನ್ನು ಸ್ವರಗಳ ಅನಂತರ ಇಡುವವರೂ, ವರ್ಗಾನುನಾಸಿಕದ ಸ್ಥಾನದಲ್ಲಿ ಇಡುವವರೂ ಇದ್ದಾರೆ. ಒಂದು ಕ್ರಮದಲ್ಲಿ ಸಿದ್ಧಪಡಿಸಿದ ಸೂಚಿಯಲ್ಲಿ ಇನ್ನೊಂದು ಕ್ರಮದಿಂದ ಹುಡುಕಿದರೆ ಇರುವ ಶಬ್ದವೂ ದೊರೆಯದು. 2018ರ ಆಗಸ್ಟ್‌ನಲ್ಲಿ ಲಿನಕ್ಸ್ ವ್ಯವಸ್ಥೆಯ ಆಧಾರಭೂತವಾದ ಜಿಲಿಬ್‌ಸಿ ಗ್ರಂಥಾಲಯದ 2.28ನೆಯ ಆವೃತ್ತಿ ಅಕ್ಷರಕ್ರಮದ ನಿಯಮಗಳನ್ನು ಪರಿಷ್ಕರಿಸಿದಾಗ ಇದೇ ಬಗೆಯ ತೊಂದರೆ ಒದಗಿತು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಈ ನಿಯಮಗಳನ್ನು ಹೊರಗಿನಿಂದಲೇ ಪಡೆಯುತ್ತಿದ್ದಿತು. ಆದುದರಿಂದ ಕಾರ್ಯವ್ಯವಸ್ಥೆಯನ್ನು ನವೀಕರಿಸಿದ ಎಡೆಗಳಲ್ಲಿ ಹಳೆಯ ಕ್ರಮದ ಅನುಕ್ರಮಣಿಕೆಗಳು ಸದ್ದಿಲ್ಲದೆ ಅಪ್ರಮಾಣವಾದವು: ಇರುವ ಸಾಲು ಇಲ್ಲವೆಂದು ಉತ್ತರ ಬರುವುದೂ, ಒಂದೇ ಇರಬೇಕಾದುದು ಎರಡಾಗಿ ಸೇರುವುದೂ ಸಾಧ್ಯವಾಯಿತು. ಅನುಕ್ರಮಣಿಕೆಯನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಪರಿಹಾರ. ಅದು ಕ್ರಮಬದ್ಧವಾಗಿದೆಯೇ ಎಂದು ಪರೀಕ್ಷಿಸುವ ಆಮ್‌ಚೆಕ್ ಎಂಬ ಸಾಧನ 10ನೆಯ ಆವೃತ್ತಿಯಿಂದ ಲಭ್ಯವಿದೆ. ವಿವಿಧ ಲಿಪಿಗಳ ಶೀರ್ಷಿಕೆಗಳನ್ನೊಳಗೊಂಡ ಹಸ್ತಪ್ರತಿ ಸೂಚಿಗಳಿಗೆ ಈ ಎಚ್ಚರ ವಿಶೇಷವಾಗಿ ಅನ್ವಯಿಸುತ್ತದೆ.

ಅದೇ 2018ರಲ್ಲಿ ಇನ್ನೊಂದು ನಂಬಿಕೆಯೂ ಕುಸಿಯಿತು. ಬರೆಹವನ್ನು ಡಿಸ್ಕಿಗೆ ಒಪ್ಪಿಸುವಾಗ ಕಾರ್ಯವ್ಯವಸ್ಥೆ ವಿಫಲವೆಂದು ತಿಳಿಸಿದರೆ, ಪೋಸ್ಟ್‌ಗ್ರೆಸ್ ಮತ್ತೆ ಕೇಳುತ್ತಿದ್ದಿತು. ಎರಡನೆಯ ಬಾರಿ ಸಫಲವೆಂಬ ಉತ್ತರ ಬಂದರೆ ಬರೆಹ ತಲುಪಿತೆಂದು ತಿಳಿಯುತ್ತಿದ್ದಿತು. ಆದರೆ ಲಿನಕ್ಸ್ ಮೊದಲ ವೈಫಲ್ಯದ ಬಳಿಕ ಆ ಪುಟವನ್ನು ತಲುಪಿದ್ದೆಂದೇ ಗಣಿಸಬಹುದೆಂಬುದು, ಆದುದರಿಂದ ಎರಡನೆಯ ಉತ್ತರ ಸುಳ್ಳಾಗಬಹುದೆಂಬುದು ಆಗ ಬೆಳಕಿಗೆ ಬಂದಿತು. 2019ರ ಫೆಬ್ರುವರಿಯ ಪರಿಷ್ಕರಣದಲ್ಲಿ ಕ್ರಮ ಬದಲಾಯಿತು: ಒಮ್ಮೆ ವಿಫಲವೆಂಬ ಉತ್ತರ ಬಂದೊಡನೆ ಕೋಶ ಕೆಲಸ ನಿಲ್ಲಿಸಿ, ಪೂರ್ವಲೇಖವನ್ನೋದಿ ಸರಿಪಡಿಸಿಕೊಳ್ಳುತ್ತದೆ.

5. ಪ್ರತಿಯ ಪರೀಕ್ಷೆ

ಪ್ರತಿಗಳ ಬಗೆಗೆ ಅತ್ಯಂತ ಬೋಧಪ್ರದವಾದ ಘಟನೆ 2017ರ ಜನವರಿ 31ರದು. ತಂತ್ರಾಂಶ ರಚನೆಗೆ ನೆರವಾಗುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಅನುಕೃತಿಯ ಯಂತ್ರದಲ್ಲಿ ಅಳಿಸಬೇಕೆಂದಿದ್ದ ಕಡತಗಳು ಮೂಲ ಯಂತ್ರದಲ್ಲಿಯೇ ಅಳಿಸಿಹೋದವು. ನಿತ್ಯದ ಬ್ಯಾಕಪ್‌ಗಳನ್ನು ಅರಸಿದಾಗ ಅವು ಇರಲೇ ಇಲ್ಲ: 9.6ನೆಯ ಆವೃತ್ತಿಯ ಕೋಶಕ್ಕೆ 9.2ನೆಯ ಆವೃತ್ತಿಯ ಉಪಕರಣವನ್ನು ಹಚ್ಚಿದ್ದರಿಂದ ಪ್ರತಿ ಮಾಡುವ ಕಾರ್ಯ ಪ್ರತಿಬಾರಿಯೂ ನಿಂತುಹೋಗುತ್ತಿದ್ದಿತು. ಅದನ್ನು ತಿಳಿಸಬೇಕಾದ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದವು. ಬೇರೊಂದು ಉದ್ದೇಶಕ್ಕೆಂದು ಒಬ್ಬರು ಸುಮಾರು ಆರು ಗಂಟೆಗಳ ಹಿಂದೆ ತೆಗೆದಿರಿಸಿದ್ದ ಪ್ರತಿಯೊಂದು ಅಕಸ್ಮಾತ್ತಾಗಿ ಉಳಿದುದರಿಂದ ಕೋಶ ಮರಳಿ ಬಂದಿತು. ನಡುವಿನ ಗಂಟೆಗಳ ಬರೆಹ ಹೋಯಿತು. ಸಂಸ್ಥೆ ಈ ವೃತ್ತಾಂತವನ್ನು ಮರೆಮಾಚದೆ ಪ್ರಕಟಿಸಿದ್ದು ಪ್ರಶಂಸನೀಯ. ಪ್ರತಿ ಇದೆಯೆಂಬ ನಂಬಿಕೆ ಬೇರೆ, ಓದಬಲ್ಲ ಪ್ರತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಮೇಲಿನ ಘಟನೆಗಳಿಂದ ಪಾಲಕನ ಕರ್ತವ್ಯಗಳು ತಾವಾಗಿ ಹೊರಡುತ್ತವೆ. ಕೋಶ ಕೆಟ್ಟಂತೆ ಕಂಡಾಗ ಕೂಡಲೇ ತಿದ್ದಲು ತೊಡಗದೆ, ಅದನ್ನು ನಿಲ್ಲಿಸಿ, ಕೆಟ್ಟಿರುವ ಸ್ಥಿತಿಯಲ್ಲಿಯೇ ಸಮಗ್ರ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿರಿಸಬೇಕು. ಹುಳು ತಿಂದ ಗರಿಯನ್ನು ಬಿಡಿಸುವ ಮೊದಲು ಛಾಯಾಪ್ರತಿ ತೆಗೆಯುವಂತೆ. ಅನಂತರ ಸರ್ವರಿನ ದಿನಚರಿಯನ್ನು ಮೊದಲ ಎಚ್ಚರಿಕೆಯಿಂದ ಓದುತ್ತ ಬರಬೇಕು. ತಾನು ಯಾವ ಯಂತ್ರದಲ್ಲಿದ್ದೇನೆಂದು ಖಚಿತಪಡಿಸಿಕೊಳ್ಳದೆ ಏನನ್ನೂ ಅಳಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾಕಪ್ಪನ್ನು ನಿಯತಕಾಲಕ್ಕೆ ಬೇರೊಂದು ಯಂತ್ರದಲ್ಲಿ ತೆರೆದು, ಸಾಲುಗಳನ್ನು ಎಣಿಸಿ, ಕೆಲವನ್ನು ಮೂಲದೊಡನೆ ಒರೆಹಚ್ಚಿ ನೋಡಬೇಕು.

ಕೋಶವೂ ಈ ದಿಕ್ಕಿನಲ್ಲಿ ನೆರವಾಗುತ್ತ ಬಂದಿದೆ. ಪುಟ ಕೆಟ್ಟಿದೆಯೇ ಎಂದು ತಿಳಿಸುವ ಮೊತ್ತದ ಲೆಕ್ಕ 2013ರ 9.3ರಲ್ಲಿ ಐಚ್ಛಿಕವಾಗಿ ಬಂದು, 2025ರ 18ನೆಯ ಆವೃತ್ತಿಯಿಂದ ಹೊಸ ಕೋಶಗಳಿಗೆಲ್ಲ ತಾನಾಗಿ ಅನ್ವಯಿಸುತ್ತದೆ. 2020ರ 13ನೆಯ ಆವೃತ್ತಿಯಲ್ಲಿ ಬ್ಯಾಕಪ್ಪನ್ನು ಅದರ ಪಟ್ಟಿಯೊಡನೆ ತಾಳೆನೋಡುವ ಉಪಕರಣ ಬಂದಿದೆ. ಆದರೆ ಇವು ಬರೆದುದು ಹಾಗೆಯೇ ಇದೆಯೆಂದು ಹೇಳಬಲ್ಲವೇ ಹೊರತು ಬರೆದುದು ಸರಿಯೆಂದು ಹೇಳಲಾರವು. ಲಿಪಿಕಾರನ ಸ್ಖಾಲಿತ್ಯವನ್ನು ಕಾಣಬಲ್ಲವನು ಗ್ರಂಥವನ್ನು ಬಲ್ಲ ಓದುಗನೊಬ್ಬನೇ. ಓಲೆಗರಿಯ ಭಂಡಾರಕ್ಕೆ ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ನೋಡುವ ಸಂಪ್ರದಾಯವುಂಟು. ಅವುಗಳ ವಿವರಗಳನ್ನು ಹೊತ್ತ ದತ್ತಾಂಶಕೋಶದ ಪ್ರತಿಯನ್ನೂ ಅಂದು ತೆರೆದು ಓದಿದರೆ, ಆ ಆಚರಣೆಯ ಉದ್ದೇಶ ಎರಡೂ ಕಡೆ ಸಾರ್ಥಕವಾದೀತು.