ಎಡೆದೊರೆ ನಾಡಿನ ಕಾಲುವೆಗಳೂ ನಿವಾಸಿಗಳ ಉತ್ತರವೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆ ಎರಡುಸಾಸಿರವೆಂದು ಕರೆದಿವೆ. ಈ ನಾಡಿಗಾಗಿ ಚಾಲುಕ್ಯರೂ ಚೋಳರೂ, ಆ ಬಳಿಕ ವಿಜಯನಗರದ ಅರಸರೂ ಬಹಮನಿ ಮತ್ತು ವಿಜಾಪುರದ ಸುಲ್ತಾನರೂ ನಡೆಸಿದ ಕಾಳಗಗಳ ಕಥೆ ಸುಪರಿಚಿತವಾದುದು. ಆದರೆ ಈ ನಾಡಿನ ಇತಿಹಾಸವೆಂದರೆ ಮುದಗಲ್ಲು ರಾಯಚೂರುಗಳ ಕೋಟೆಗಳ ಇತಿಹಾಸವಷ್ಟೇ ಅಲ್ಲ. ಎರಡು ಮಹಾನದಿಗಳ ನಡುವೆ ಇದ್ದೂ ನೀರಿಲ್ಲದೆ ಬಳಲಿದ ಜನರ ಇತಿಹಾಸವೂ ಅದರಲ್ಲಿ ಸೇರಿದೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ ಸರ್ಕಾರಗಳು ಇಲ್ಲಿಗೆ ಕಾಲುವೆಗಳನ್ನು ಯೋಜಿಸಿದವು. ಆ ಯೋಜನೆಗಳಿಗೆ ಇಲ್ಲಿನ ನಿವಾಸಿಗಳು ತಮ್ಮದೇ ಆದ ಉತ್ತರವನ್ನು ಕೊಟ್ಟರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳನ್ನು ಮುಖ್ಯವಾಗಿಟ್ಟುಕೊಂಡು ಆ ಉತ್ತರದ ಸ್ವರೂಪವನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ನೆಲದ ಸ್ಥಿತಿಯನ್ನು ಗಮನಿಸಬೇಕು. ಈ ಭಾಗದಲ್ಲಿ ಮಳೆ ಕಡಮೆ, ಅದೂ ನೆಚ್ಚಬಹುದಾದುದಲ್ಲ. ಎರೆಭೂಮಿಯಲ್ಲಿ ಬಿಳಿಜೋಳ, ಹತ್ತಿ, ಕುಸುಬೆ, ಮಸಾರಿ ನೆಲದಲ್ಲಿ ಸಜ್ಜೆ, ನವಣೆ ಇವೇ ಮೊದಲಾದವು ಇಲ್ಲಿನ ಬಹುಕಾಲದ ಬೆಳೆಗಳು. ನದಿಗಳು ಹೊಲಗಳಿಗಿಂತ ತಗ್ಗಿನಲ್ಲಿ ಹರಿಯುವುದರಿಂದ, ವಿಜಯನಗರದ ಕಾಲದ ಕಾಲುವೆಗಳ ನೀರು ತುಂಗಭದ್ರೆಯ ಅಂಚಿನ ಕಿರಿದಾದ ಪಟ್ಟಿಗೆ ಮಾತ್ರ ಸಲ್ಲುತ್ತಿದ್ದಿತು. ಹಾಗೆಂದು ಒಳನಾಡು ನಿರ್ಜನವಾಗಿರಲಿಲ್ಲ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿ ನಡೆಸಿದ ಉತ್ಖನನದಿಂದ ತಾಮ್ರಶಿಲಾಯುಗದಷ್ಟು ಹಿಂದೆಯೇ ಜನವಸತಿ ಇದ್ದಿತೆಂದು ತಿಳಿದುಬಂದಿತು. ಆದಕಾರಣ ಕಾಲುವೆಯ ಯೋಜಕರು ಬಂದದ್ದು ಬರಿಯ ಬಯಲಿಗಲ್ಲ. ಒಣಬೇಸಾಯದ ನಿಯಮಗಳನ್ನು ತಲೆಮಾರುಗಳಿಂದ ಬಲ್ಲ ಜನರ ನಡುವಿಗೆ.

ತುಂಗಭದ್ರೆಗೆ ದೊಡ್ಡ ಜಲಾಶಯವನ್ನು ಕಟ್ಟುವ ಆಲೋಚನೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ನಡುವೆ ೧೯೪೪ರಲ್ಲಿ ಒಪ್ಪಂದವಾಗಿ, ೧೯೪೫ರ ಫೆಬ್ರುವರಿ ೨೮ರಂದು ನದಿಯ ಎರಡು ದಡಗಳಲ್ಲಿಯೂ ಶಂಕುಸ್ಥಾಪನೆ ನೆರವೇರಿತು. ಎಡದಂಡೆಯ ಭಾಗವು ಆಗ ನಿಜಾಮನ ಸಂಸ್ಥಾನಕ್ಕೆ ಸೇರಿದ್ದಿತು. ೧೯೪೮ರಲ್ಲಿ ಆ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೩ರಲ್ಲಿ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಹೀಗೆ ಒಂದು ಆಡಳಿತದ ಕೈಯಲ್ಲಿ ರೂಪುಗೊಂಡ ಯೋಜನೆಯು ಮತ್ತೊಂದರ ಕೈಯಲ್ಲಿ ಕಾರ್ಯಗತವಾಗಿ, ಮೂರನೆಯದರ ಕೈಯಲ್ಲಿ ಜನರನ್ನು ಮುಟ್ಟಿತು. ೧೪೧ ಮೈಲಿ ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿ ತಾಲ್ಲೂಕುಗಳನ್ನು ಹಾದು ರಾಯಚೂರಿನ ಕಡೆಗೆ ಸಾಗುತ್ತದೆ. ಅದರ ಆಯಕಟ್ಟು ಸುಮಾರು ೬ ಲಕ್ಷ ಎಕರೆ.

ಈ ಯೋಜನೆಯ ಮೂಲತತ್ತ್ವವು ಕ್ಷಾಮನಿವಾರಣೆಯಾಗಿದ್ದಿತು. ಲಭ್ಯವಾದ ನೀರನ್ನು ಸ್ವಲ್ಪ ಜಮೀನಿಗೆ ಧಾರಾಳವಾಗಿ ಕೊಡುವುದಕ್ಕಿಂತ ಹೆಚ್ಚು ಜಮೀನಿಗೆ ತೆಳುವಾಗಿ ಹಂಚಬೇಕೆಂಬುದು ಯೋಜಕರ ಅಭಿಪ್ರಾಯ. ಅದಕ್ಕಾಗಿ ಯಾವ ಹೊಲಕ್ಕೆ ಯಾವ ಬೆಳೆಯೆಂಬುದನ್ನು ಸರ್ಕಾರವೇ ಮುಂಚಿತವಾಗಿ ಗೊತ್ತುಮಾಡಿತು. ಹೆಚ್ಚಿನ ಭಾಗವು ಜೋಳ, ಹತ್ತಿ, ನೆಲಗಡಲೆಗಳಂಥ ಅರೆನೀರಾವರಿ ಬೆಳೆಗಳಿಗೆ. ಬತ್ತ ಕಬ್ಬುಗಳಿಗೆ ಸಣ್ಣ ಭಾಗ ಮಾತ್ರ. ಕಾಲುವೆ, ತೂಬುಗಳ ಅಳತೆಯನ್ನೂ ಈ ಲೆಕ್ಕಕ್ಕೆ ಅನುಗುಣವಾಗಿಯೇ ನಿರ್ಧರಿಸಲಾಯಿತು. ಕಾಗದದ ಮೇಲೆ ಇದು ನ್ಯಾಯಸಮ್ಮತವಾದ ಹಂಚಿಕೆಯೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಸಿಂಧನೂರಿನ ಭಾಗದಿಂದ ಬಂದ ಉತ್ತರವು ಮನವಿಪತ್ರದ ರೂಪದಲ್ಲಿರಲಿಲ್ಲ. ಅದು ಬತ್ತದ ಗದ್ದೆಯ ರೂಪದಲ್ಲಿದ್ದಿತು. ಕಾಲುವೆ ಬಂದಂತೆ ಕರಾವಳಿ ಆಂಧ್ರದ ಕೃಷಿಕರು ಇಲ್ಲಿಗೆ ಬಂದು ಜಮೀನು ಕೊಂಡು ನೆಲಸಿದರು. ಅವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಮುಂದೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಬತ್ತದ ಸಾಗುವಳಿಯಲ್ಲಿ ನುರಿತಿದ್ದ ಆಂಧ್ರದ ವಲಸೆಗಾರರು ಗೊತ್ತುಮಾಡಿದ ಬೆಳೆಯನ್ನು ಬಿಟ್ಟು ಬತ್ತವನ್ನು ನೆಟ್ಟರು. ಸ್ಥಳೀಯ ರೈತರೂ ಬರಬರುತ್ತ ಅದನ್ನೇ ಅನುಸರಿಸಿದರು. ಇದನ್ನು ಕೇವಲ ಲಾಭದ ಆಸೆಯೆಂದು ತಳ್ಳಿಹಾಕುವುದು ಸರಿಯಲ್ಲ. ಬತ್ತದ ಗದ್ದೆಯ ಪಕ್ಕದ ಹೊಲವು ಬಸಿನೀರಿನಿಂದ ಜೌಗಾಗಿ ಅಲ್ಲಿ ಜೋಳ ನಿಲ್ಲುವುದಿಲ್ಲ. ಆದುದರಿಂದ ನೆರೆಯವನೊಬ್ಬನು ಬತ್ತ ಹಚ್ಚಿದರೆ ಉಳಿದವರೂ ಹಚ್ಚಬೇಕಾಗುತ್ತದೆ. ಹೊಲಹೊಲಕ್ಕೆ ಬೇರೆ ಬೇರೆ ಬೆಳೆಯನ್ನು ಗೊತ್ತುಮಾಡಿದ ನಕ್ಷೆಯು ನೀರಿನ ಈ ಸ್ವಭಾವಕ್ಕೆ ತಕ್ಕಷ್ಟು ಎಡೆಗೊಟ್ಟಿರಲಿಲ್ಲ. ಕೆಲವು ದಶಕಗಳಲ್ಲಿ ಜೋಳದ ನಾಡು ಅಕ್ಕಿಯ ಗಿರಣಿಗಳ ನಾಡಾಯಿತು. ಸಿಂಧನೂರು ಜಿಲ್ಲೆಯ ದೊಡ್ಡ ವ್ಯಾಪಾರಸ್ಥಳವಾಗಿ ಬೆಳೆಯಿತು.

ಈ ಏಳಿಗೆಯ ಬೆಲೆಯನ್ನು ತೆತ್ತವರು ಬೇರೆ ಕಡೆ ಇದ್ದರು. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಖರ್ಚಾದಂತೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರಿಗೆ ತಲುಪುವುದು ಕಡಮೆಯಾಯಿತು. ಅವರ ಹೊಲಗಳು ದಾಖಲೆಯಲ್ಲಿ ನೀರಾವರಿ ಜಮೀನುಗಳು, ವಾಸ್ತವವಾಗಿ ಒಣಭೂಮಿಗಳು. ದೇಶವು ಕಿಲೋಮೀಟರಿನ ಲೆಕ್ಕಕ್ಕೆ ಬಂದು ದಶಕಗಳೇ ಕಳೆದರೂ ಈ ಕಾಲುವೆಯ ಮೇಲೆ ಮೈಲಿಯ ಲೆಕ್ಕವೇ ಉಳಿದಿದೆ. ೬೯ನೆಯ ಮೈಲಿನಲ್ಲಿ, ೧೦೪ನೆಯ ಮೈಲಿನಲ್ಲಿ ಗೇಜು ಎಷ್ಟು ಅಡಿ ಇದೆಯೆಂಬುದು ಕೆಳಭಾಗದವರ ನಿತ್ಯದ ಮಾತು. ಗೇಜು ಕಾಯ್ದುಕೊಳ್ಳಬೇಕೆಂಬುದೇ ಅವರ ಧರಣಿಗಳ ಬೇಡಿಕೆ. ಅನಧಿಕೃತ ನೀರಾವರಿಗೆ ದಂಡದ ಕರ ವಿಧಿಸಲು ೧೯೬೫ರ ನೀರಾವರಿ ಕಾಯಿದೆಯಲ್ಲಿ ಅವಕಾಶವಿದೆ. ಅಭಾವದ ವರ್ಷಗಳಲ್ಲಿ ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಜಾರಿಯಾದದ್ದೂ ಉಂಟು. ಆದರೂ ಬತ್ತ ಹಿಂದೆಗೆಯಲಿಲ್ಲ.

ಇಷ್ಟು ಆಯಕಟ್ಟಿನ ಒಳಗಿನವರ ಮಾತು. ಆಯಕಟ್ಟಿನ ಗೆರೆಯ ಹೊರಗೆ ಉಳಿದವರ ಉತ್ತರವು ಬೇರೆ ಬಗೆಯದು. ಲಿಂಗಸುಗೂರಿನ ಭಾಗವು ಎತ್ತರದ ನೆಲ. ೧೯೦೫ರ ವರೆಗೆ ಜಿಲ್ಲಾಕೇಂದ್ರವಾಗಿದ್ದ ಈ ಊರು, ಹಟ್ಟಿಯ ಚಿನ್ನದ ಗಣಿಯನ್ನು ತನ್ನ ತಾಲ್ಲೂಕಿನಲ್ಲಿಯೇ ಹೊಂದಿದ್ದರೂ ನೀರಿನ ವಿಷಯದಲ್ಲಿ ಬಡವಾಗಿಯೇ ಇದ್ದಿತು. ಇತ್ತ ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾಯಿತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಬಲದಂಡೆ ಕಾಲುವೆಯು ಲಿಂಗಸುಗೂರು ದೇವದುರ್ಗ ತಾಲ್ಲೂಕುಗಳ ಹೊಲಗಳಿಗೆ ನೀರನ್ನು ತಂದಿತು. ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕಾದ ಮಸ್ಕಿಯ ಸ್ಥಿತಿ ವಿಚಿತ್ರವಾದುದು. ದಕ್ಷಿಣಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆ, ಉತ್ತರಕ್ಕೆ ಕೃಷ್ಣೆಯ ಬಲದಂಡೆ ಕಾಲುವೆ. ನಡುವಣ ಬಹುಸಂಖ್ಯೆಯ ಹಳ್ಳಿಗಳಿಗೆ ಎರಡೂ ಇಲ್ಲ. ಎರಡು ನದಿಗಳ ನಡುವಣ ನಾಡಿನ ಹಳೆಯ ದೈವವೇ ಎರಡು ಕಾಲುವೆಗಳ ನಡುವೆ ಮತ್ತೆ ಬಂದು ನಿಂತಂತಾಯಿತು.

ಈ ಹಳ್ಳಿಗಳ ರೈತರು ಬಲದಂಡೆ ಕಾಲುವೆಯಿಂದ ೫ಎ ಎಂಬ ಶಾಖೆಯನ್ನು ತಮ್ಮ ಕಡೆಗೆ ತೆಗೆಯಬೇಕೆಂದು ಒತ್ತಾಯಿಸಿದರು. ೨೦೨೦ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಆರಂಭವಾಗಿ ಮರುವರ್ಷಕ್ಕೂ ಸಾಗಿತು. ಸರ್ಕಾರವು ೫ಎ ಕಾಲುವೆಯ ಬದಲಿಗೆ ನಂದವಾಡಗಿ ಏತ ನೀರಾವರಿ ಯೋಜನೆಯನ್ನು ಮುಂದಿಟ್ಟಿತು; ಅದರಲ್ಲಿ ನೀರನ್ನು ಯಂತ್ರಗಳಿಂದ ಮೇಲೆತ್ತಿ, ಕೊಳವೆಗಳ ಮೂಲಕ ಹನಿ ನೀರಾವರಿಗೆ ಒದಗಿಸುವ ಉದ್ದೇಶವಿದ್ದಿತು. ಧರಣಿನಿರತರು ಇದನ್ನು ಒಪ್ಪಲಿಲ್ಲ. ಅವರು ಕೇಳಿದ್ದು ಹನಿ ನೀರಾವರಿಯನ್ನಲ್ಲ, ಹರಿ ನೀರಾವರಿಯನ್ನು. ಒಂದೇ ಅಕ್ಷರದ ಈ ಅಂತರದಲ್ಲಿ ಇಡೀ ವಿವಾದದ ತಿರುಳು ಅಡಗಿದೆ.

ನೀರನ್ನು ಮಿತವಾಗಿ ಬಳಸುವ ದೃಷ್ಟಿಯಿಂದ ಹನಿ ನೀರಾವರಿಯೇ ಮೇಲೆಂಬುದು ತಜ್ಞರ ಮತ. ಆದರೆ ರೈತನ ನಿರಾಕರಣೆಯನ್ನು ಅಜ್ಞಾನವೆಂದು ಎಣಿಸುವುದು ದುಡುಕಾದೀತು. ತೆರೆದ ಕಾಲುವೆಯ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಬಂದಿದೆಯೋ ಇಲ್ಲವೋ, ಎಷ್ಟು ಬಂದಿದೆ, ಮೇಲೆ ಯಾರು ತಡೆದಿದ್ದಾರೆ ಎಂಬುದನ್ನು ಹಳ್ಳಿಯ ಯಾವನೇ ಆಗಲಿ ಹೋಗಿ ನೋಡಿ ಹೇಳಬಲ್ಲನು. ಕೊಳವೆಯ ನೀರು ಹಾಗಲ್ಲ. ಅದು ವಿದ್ಯುತ್ತು, ಯಂತ್ರ, ದುರಸ್ತಿ ಇವುಗಳಿಗೆ ಅಧೀನವಾದುದು, ಅವುಗಳ ಕೀಲಿಕೈ ದೂರದಲ್ಲಿರತಕ್ಕದ್ದು. ಇದಲ್ಲದೆ ಮಸ್ಕಿಯವರ ಮುಂದೆ ಅರ್ಧ ಶತಮಾನಕ್ಕೂ ಮೀರಿದ ಒಂದು ನಿದರ್ಶನವಿದ್ದಿತು. ಹರಿಯುವ ಕಾಲುವೆಯಿಂದ ನೆರೆಯ ಸಿಂಧನೂರು ಹೇಗೆ ಬದಲಾಯಿತೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

೨೦೨೧ರ ಏಪ್ರಿಲ್ ೧೭ರಂದು ನಡೆದ ಮಸ್ಕಿ ವಿಧಾನಸಭಾ ಉಪಚುನಾವಣೆಯಲ್ಲಿ ಈ ಕಾಲುವೆಯೇ ಒಂದು ಮುಖ್ಯ ಚರ್ಚಾವಿಷಯವಾಯಿತು. ಆಳುವ ಪಕ್ಷದ ಅಭ್ಯರ್ಥಿ ಪ್ರತಾಪಗೌಡ ಪಾಟೀಲರು ಸೋತು, ಕಾಂಗ್ರೆಸ್ಸಿನ ಬಸನಗೌಡ ತುರುವಿಹಾಳರು ಗೆದ್ದರು. ಚುನಾವಣೆಯ ಫಲಿತಾಂಶಕ್ಕೆ ಹಲವು ಕಾರಣಗಳಿರುವುದರಿಂದ ಇದನ್ನು ಕಾಲುವೆಯೊಂದರ ತೀರ್ಪೆಂದು ಹೇಳಲಾಗದು. ಆದರೆ ನಕ್ಷೆಯಲ್ಲಿ ಇನ್ನೂ ಮೂಡದ ಒಂದು ಕಾಲುವೆಯು ಒಂದು ಕ್ಷೇತ್ರದ ರಾಜಕೀಯ ಭಾಷೆಯನ್ನೇ ರೂಪಿಸಿತೆಂಬುದು ನಿರ್ವಿವಾದ.

ಈಗ ಎರಡು ಉತ್ತರಗಳನ್ನೂ ಒಟ್ಟಿಗೆ ಇಟ್ಟು ನೋಡೋಣ. ಒಳಗಿದ್ದವರು ಯೋಜನೆಯನ್ನು ಮಾತಿಲ್ಲದೆ ಮೀರಿದರು. ಹೊರಗಿದ್ದವರು ಮಾತಿನಿಂದ ಪ್ರಶ್ನಿಸಿದರು. ಇಬ್ಬರೂ ಯೋಜನೆಯನ್ನು ಚೆನ್ನಾಗಿ ಓದಿಕೊಂಡವರೇ. ಆದರೆ ಇಲ್ಲಿ ಒಂದು ಕಠಿನವಾದ ಸತ್ಯವನ್ನು ಮರೆಮಾಚಬಾರದು. ಮಸ್ಕಿಯವರಿಗೆ ಮಾದರಿಯಾಗಿ ಕಂಡ ಸಿಂಧನೂರಿನ ಸಮೃದ್ಧಿಯಲ್ಲಿ ಒಂದು ಪಾಲು ಸಿರವಾರದ, ಮಾನ್ವಿಯ ಕೊನೆಭಾಗದವರಿಗೆ ಸಲ್ಲಬೇಕಾಗಿದ್ದ ನೀರು. ಹೊಸ ಕಾಲುವೆಯೊಂದು ತೆರೆದರೆ ಅದಕ್ಕೂ ಒಂದು ಮೇಲ್ಭಾಗ, ಒಂದು ಕೊನೆಭಾಗ ಇದ್ದೇ ತೀರುವುದು. ಹರಿ ನೀರಿನ ಬೇಡಿಕೆ ನ್ಯಾಯವಾದುದು. ಆದರೆ ಆ ನ್ಯಾಯವು ಕೊನೆಯ ತೂಬಿನ ವರೆಗೆ ತಲುಪಬೇಕಾದರೆ ಹಂಚಿಕೆಯ ಕಟ್ಟುಪಾಡನ್ನು ನಿವಾಸಿಗಳೇ ಮೊದಲು ಒಪ್ಪಿಕೊಂಡಿರಬೇಕು. ಬೆಳೆಯನ್ನು ಸರ್ಕಾರವು ಮೇಲಿನಿಂದ ಗೊತ್ತುಮಾಡಿದ್ದೂ, ಅದನ್ನು ರೈತರು ಕೆಳಗಿನಿಂದ ಮುರಿದದ್ದೂ ಒಂದೇ ಕೊರತೆಯ ಎರಡು ಮುಖಗಳು. ಆ ಕೊರತೆಯೆಂದರೆ, ಗೆರೆ ಎಳೆಯುವ ಮುನ್ನ ನಡೆಯಬೇಕಾಗಿದ್ದ ಸಮಾಲೋಚನೆ.

ಈ ಮಾತು ಗತಕಾಲಕ್ಕೆ ಮಾತ್ರ ಅನ್ವಯಿಸುವುದಲ್ಲ. ಆರಂಭದಲ್ಲಿ ಸುಮಾರು ೧೩೩ ಟಿ.ಎಂ.ಸಿ. ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಹೂಳಿನ ಕಾರಣದಿಂದ ೨೦೧೬ರ ಸಮೀಕ್ಷೆಯ ಪ್ರಕಾರ ೧೦೫.೭೮ ಟಿ.ಎಂ.ಸಿ.ಗೆ ಇಳಿದಿದ್ದಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋಗಿ ಅಪಾರವಾದ ನೀರು ನದಿಯ ಪಾಲಾದಾಗ, ಒಂದು ಸರಪಳಿಯ ಮೇಲೆ ಎಷ್ಟು ಊರುಗಳ ಅನ್ನ ನಿಂತಿದೆಯೆಂಬುದು ಎಲ್ಲರಿಗೂ ಮನದಟ್ಟಾಯಿತು. ಹೂಳಿನ ನಷ್ಟವನ್ನು ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯವನ್ನು ಕಟ್ಟುವ ಯೋಜನೆಯೂ ಹೊರಟಿದೆ. ಅದು ಕೈಗೂಡುವುದಾದರೆ ಒಬ್ಬರ ಹೊಲ ಮುಳುಗಿ ಮತ್ತೊಬ್ಬರ ಹೊಲ ನೆನೆಯುವುದು; ನಿವಾಸಿಗಳ ಉತ್ತರ ಆಗಲೂ ಬಂದೇ ಬರುವುದು.

ನೀರಾವರಿಯ ಇತಿಹಾಸವನ್ನು ಇದುವರೆಗೆ ಒಪ್ಪಂದಗಳು, ಶಂಕುಸ್ಥಾಪನೆಗಳು, ಎಕರೆಗಳ ಲೆಕ್ಕ ಇವುಗಳಿಂದಲೇ ಬರೆಯುತ್ತ ಬಂದಿದ್ದೇವೆ. ಮೇಲಣ ವಿವರಗಳಿಂದ ಅದು ಅರ್ಧ ಇತಿಹಾಸ ಮಾತ್ರವೆಂದು ಸ್ಪಷ್ಟವಾಗುತ್ತದೆ. ಗೇಜಿನ ದಿನವಹಿ ಪುಸ್ತಕಗಳು, ಕೊನೆಭಾಗದವರ ಮನವಿಗಳು, ಪಾಮನಕಲ್ಲೂರಿನ ಧರಣಿಯ ಕರಪತ್ರಗಳು, ಕ್ಯಾಂಪುಗಳ ಹಿರಿಯರ ನೆನಪುಗಳು ಇವೂ ಶಾಸನಗಳಷ್ಟೇ ಬೆಲೆಯುಳ್ಳ ಆಧಾರಗಳು. ಕಲ್ಲಿನ ಮೇಲೆ ಬರೆದ ಅಶೋಕನ ಮಾತು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದಿದೆ. ಕಾಗದದ ಮೇಲೆ ಬರೆದ ರೈತನ ಮಾತು ಇಪ್ಪತ್ತು ವರ್ಷ ಉಳಿಯುವುದೂ ಕಷ್ಟ. ಅವುಗಳನ್ನು ಈಗಲೇ ಸಂಗ್ರಹಿಸಿ ಕಾಪಾಡುವ ಕೆಲಸವನ್ನು ಈ ಜಿಲ್ಲೆಯ ಕಾಲೇಜುಗಳೂ ನಮ್ಮ ವಿಭಾಗಗಳೂ ಕೈಗೊಳ್ಳಬೇಕಾಗಿದೆ.