ಹೆಬ್ಬಾತಿನ ಕೊಳ ಮತ್ತು ಒಂದಕ್ಷರದ ಸಹಿ



ರೇಡಿಯೋದಲ್ಲಿ ಮುಖ ಕಾಣುವುದಿಲ್ಲ. ದನಿ ಹಿಡಿಸಿದರೆ ಕೇಳುತ್ತೀರಿ, ಹಿಡಿಸದಿದ್ದರೆ ಸ್ಟೇಷನ್ ಬದಲಿಸುತ್ತೀರಿ. ಹೀಗೆಯೇ ಮುಖ ತೋರದೆ, ಬರೀ ಕೆಲಸದಿಂದ ಗೆದ್ದ ಹೆಣ್ಣುಮಗಳೊಬ್ಬರ ಕಥೆ ಈ ಸಲ ನಿಮಗಾಗಿ.

ಮೇರಿ ನಿಮ್ಮೊ ಹುಟ್ಟಿದ್ದು 1842ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಚಿಕ್ಕಂದಿನಲ್ಲೇ ಅಮೆರಿಕ ಸೇರಿದರು. ಕೈಹಿಡಿದ ಚಿತ್ರಕಾರ ಥಾಮಸ್ ಮೊರಾನ್ ಅವರೇ ಗುರುವೂ ಆದರು. ಥಾಮಸ್ ಸಾಮಾನ್ಯರಲ್ಲ. ಯೆಲ್ಲೋಸ್ಟೋನ್ ಕಣಿವೆಯ ಅವರ ಬೃಹತ್ ಚಿತ್ರವನ್ನು 1872ರಲ್ಲಿ ಅಮೆರಿಕದ ಸಂಸತ್ತೇ 10,000 ಡಾಲರಿಗೆ ಕೊಂಡಿತ್ತು. ಅಂಥ ಆಲದ ನೆರಳಿನಲ್ಲಿ ಇನ್ನೊಂದು ಗಿಡ ಚಿಗುರುವುದು ಸುಲಭವೇ?

1879ರಲ್ಲಿ ಥಾಮಸ್ ಪಶ್ಚಿಮದ ಬೆಟ್ಟಗಳತ್ತ ಹೊರಟರು. ಹೊರಡುವ ಮುನ್ನ ಕೆಲವು ತಾಮ್ರದ ಫಲಕಗಳಿಗೆ ಲೇಪ ಹಚ್ಚಿ ಹೆಂಡತಿಯ ಕೈಗಿತ್ತರು. ಮೂರು ಮಕ್ಕಳ ತಾಯಿ ಮೇರಿ ಎಚ್ಚಿಂಗ್ ಕಲೆಗೆ ಕೈಹಾಕಿದ್ದು ಹೀಗೆ.

ಎಚ್ಚಿಂಗ್ ಎಂದರೆ ಇಷ್ಟು: ಫಲಕದ ಮೇಲಿನ ಮೇಣದ ಲೇಪವನ್ನು ಸೂಜಿಯಿಂದ ಗೀರಿ ಚಿತ್ರ ಬರೆಯಬೇಕು. ಆಮ್ಲದಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ತಾಮ್ರ ಸವೆಯುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ, ಎಡಬಲ ಅದಲುಬದಲಾಗಿ! ಅನೇಕರು ಮನೆಯೊಳಗೆ ಕೂತು ಮಾಡುತ್ತಿದ್ದ ಈ ಕೆಲಸಕ್ಕೆ ಮೇರಿ ಫಲಕವನ್ನೇ ಬಯಲಿಗೆ ಒಯ್ದರು. ಮರದ ಎದುರು, ನೀರಿನ ಎದುರು ನಿಂತು ನೇರವಾಗಿ ಗೀರಿದರು. ಗಂಡ ಕಂಡದ್ದು ಮಹಾಕಣಿವೆಗಳನ್ನು. ಇವರು ಕಂಡದ್ದು ನ್ಯೂಯಾರ್ಕ್ ಸೀಮೆಯ ಕಡಲಂಚಿನ ಹಳ್ಳಿ ಈಸ್ಟ್ ಹ್ಯಾಂಪ್ಟನ್ನನ್ನು. ಅಲ್ಲಿನ ಹೆಬ್ಬಾತಿನ ಕೊಳವನ್ನು 1881ರಲ್ಲಿ ತಾಮ್ರಕ್ಕಿಳಿಸಿದರು. ದಿನಾ ನೋಡುವ ನೀರು, ದಿನಾ ನೋಡುವ ಮರ. ಅದೇ ಅವರಿಗೆ ಸಾಕಾಗಿತ್ತು.

ಅದೇ 1881ರಲ್ಲಿ ಲಂಡನ್ನಿನ ಚಿತ್ರಕಾರ-ಎಚ್ಚಿಂಗ್ ಕಲಾವಿದರ ಸಂಘ ಅವರನ್ನು ಸದಸ್ಯರನ್ನಾಗಿ ಆರಿಸಿತು. ಮೊದಲ 65 ಸದಸ್ಯರಲ್ಲಿ ಹೆಣ್ಣು ಇವರೊಬ್ಬರೇ. ಅವರ ಸಹಿ 'ಎಂ. ನಿಮ್ಮೊ ಮೊರಾನ್'. ಆ 'ಎಂ' ಗಂಡೋ ಹೆಣ್ಣೋ ಎಂಬುದನ್ನು ಸಹಿ ಹೇಳುತ್ತಿರಲಿಲ್ಲ. ತೂಗಬೇಕಾದದ್ದು ಗೆರೆಯನ್ನು ಮಾತ್ರ. ಆರೇ ವರ್ಷಗಳಲ್ಲಿ ಗಾಳಿ ಬದಲಾಯಿತು. 1887ರಲ್ಲಿ ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯ ಮಹಿಳಾ ಎಚ್ಚಿಂಗ್ ಕಲಾವಿದರದ್ದೇ ಪ್ರದರ್ಶನ ಏರ್ಪಡಿಸಿತು. ಅಲ್ಲಿ ಮೇರಿಯವರ ಕೃತಿಗಳೂ ಇದ್ದವು.

1899ರಲ್ಲಿ ಮಗಳಿಗೆ ಟೈಫಾಯಿಡ್ ಬಂತು. ಆರೈಕೆಗೆ ನಿಂತ ತಾಯಿಗೂ ಅದು ತಗುಲಿತು. ಮಗಳು ಉಳಿದಳು, ಮೇರಿ ಉಳಿಯಲಿಲ್ಲ. ಅವರ ಸಮಾಧಿ ಇರುವುದು ಅದೇ ಕೊಳದ ಮಗ್ಗುಲಲ್ಲಿ. ಥಾಮಸ್ ಅವರದೂ ಅಲ್ಲೇ.

ಗಂಡನ ಹೆಸರನ್ನು ಒಂದು ಪರ್ವತಕ್ಕೇ ಇಟ್ಟಿದ್ದಾರೆ. ಹೆಂಡತಿಯ ಹೆಸರು ಕಾಗದದ ಮೂಲೆಯಲ್ಲಿದೆ. ಮುಂದಿನ ಭಾನುವಾರ ನಿಮ್ಮ ಊರಿನ ಮ್ಯೂಸಿಯಂಗೆ ಹೋದರೆ, ಹಳೆಯ ಅಚ್ಚುಚಿತ್ರಗಳ ಮುಂದೆ ಒಂದು ನಿಮಿಷ ನಿಲ್ಲಿ. ಮೂಲೆಯ ಸಹಿಯಲ್ಲಿ ಬರೀ ಒಂದಕ್ಷರವಿದ್ದರೆ, ಅದರ ಹಿಂದೆ ಯಾರಿದ್ದರು ಎಂದು ಕೇಳಿಕೊಳ್ಳಿ.