ದಾವಣಗೆರೆಗೆ ವಿಮಾನದಲ್ಲಿ ಎಷ್ಟು ಹೊತ್ತು?

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮ ಮನೆಗೆ ಬಂದ ಒಂದು ಫೋನ್ ಕರೆಯಿಂದ. ಹರಿಹರದಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿತ್ತು. ದೆಹಲಿಯಲ್ಲಿದ್ದ ತಮ್ಮ ಕೇಳಿದ, "ಅಣ್ಣಾ, ದಾವಣಗೆರೆಗೆ ಯಾವ ಫ್ಲೈಟ್ ಐತಿ?"

ಯಾವುದೂ ಇಲ್ಲ. ಬೆಂಗಳೂರಿನಿಂದ ದಾವಣಗೆರೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 245 ಕಿ.ಮೀ. ವಿಮಾನಕ್ಕೆ ಅದು ಒಂದು ಗಂಟೆಯ ದಾರಿಯೂ ಅಲ್ಲ. ಆದರೆ ಇಳಿಯೋದಕ್ಕೆ ನಿಲ್ದಾಣ ಬೇಕಲ್ಲ!

ಹಾಗಂತ ನಮ್ಮದು ಮೂಲೆಯ ಸೀಮೆಯೇನಲ್ಲ. ಹರಿಹರ ಹಳೇ ಮೈಸೂರು ಸಂಸ್ಥಾನದ ಬಾಗಿಲು. ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಇಲ್ಲಿ ನದಿಗೆ ಸೇತುವೆ ಕಟ್ಟಿದ್ದು 1868ರಲ್ಲಿ. 1889ರ ಹೊತ್ತಿಗೆ ರೈಲೂ ಬಂತು. ಹದಿನಾಲ್ಕು ಕಿ.ಮೀ. ಆಚೆಯ ದಾವಣಗೆರೆ ಆಮೇಲೆ ಹತ್ತಿ ಗಿರಣಿಗಳಿಂದ ಬೆಳೆದು, 1997ರಲ್ಲಿ ಜಿಲ್ಲಾ ಕೇಂದ್ರವೂ ಆಯಿತು.

ವಿಮಾನ ಕೂಡ ನಮ್ಮ ಹತ್ತಿರಕ್ಕೆ ಬೇಗನೇ ಬಂದಿತ್ತು ಅಂದ್ರೆ ನಂಬ್ತೀರಾ? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ಹಾರಿದರು. ಅದೇ ಅಂಚೆಯನ್ನು ಮುಂದೆ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ತಂಗಿದ್ದು ಬಳ್ಳಾರಿಯಲ್ಲಿ. ಅಂದ್ರೆ ದಾವಣಗೆರೆಯಿಂದ ನೇರ ಗೆರೆಯಲ್ಲಿ ಸುಮಾರು 130 ಕಿ.ಮೀ. ದೂರದಲ್ಲಿ. ಅಷ್ಟು ಹತ್ತಿರ ಬಂದ ವಿಮಾನ ನಮ್ಮೂರಿಗೆ ಇವತ್ತಿಗೂ ಇಳಿದಿಲ್ಲ.

2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ನಿಲ್ದಾಣ ಆಯ್ತು. ಸಂತೋಷ. ಈಗ ಲೆಕ್ಕ ಹಾಕೋಣ. ಬೆಂಗಳೂರಿನ ಪೇಟೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ತಪಾಸಣೆ, ಕಾಯೋದು ಎಲ್ಲಾ ಸೇರಿ ಇನ್ನೊಂದೂವರೆ, ಹಾರಾಟ ಒಂದು ಗಂಟೆ, ಶಿವಮೊಗ್ಗದಿಂದ ದಾವಣಗೆರೆಗೆ ಕಾರಿನಲ್ಲಿ ಎರಡು ಗಂಟೆಯ ಹತ್ತಿರ. ಒಟ್ಟು ಆರು. ಅದೇ ವರ್ಷ ಶುರುವಾದ ಧಾರವಾಡದ ವಂದೇ ಭಾರತ್ ರೈಲು ಮೂರೂವರೆ ಗಂಟೆಗೆ ದಾವಣಗೆರೆ ಮುಟ್ಟಿಸುತ್ತೆ.

ಅದೂ ಸುತ್ತು ದಾರಿಯಲ್ಲಿ! ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಬಳಸಿ ಬರುವ ರೈಲಿಗೆ ಸುಮಾರು 325 ಕಿ.ಮೀ. ಆಗುತ್ತೆ, ರಸ್ತೆಯಲ್ಲಾದರೆ 260ರ ಆಸುಪಾಸು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ ಮಂಜೂರಾಗಿ ವರ್ಷಗಳೇ ಆದವು. ನನ್ನ ಮಟ್ಟಿಗೆ, ನಮ್ಮವರು ಮೊದಲು ಪಟ್ಟು ಹಿಡಿದು ಕೇಳಬೇಕಾದ್ದು ಅದನ್ನೇ. ವಿಮಾನ ನಿಲ್ದಾಣ ಬೇಡ ಅಂತಲ್ಲ. ಆದರೆ ದೂರ ಅಳೆಯಬೇಕಾದ್ದು ಮನೆಬಾಗಿಲಿಂದ ಮನೆಬಾಗಿಲಿಗೆ.

ತಮ್ಮ ಆ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ, ಸುಮಾರು 1,700 ಕಿ.ಮೀ., ಮೂರು ಗಂಟೆಯೊಳಗೆ ಬಂದಿಳಿದ. ರೈಲು ಇದ್ದದ್ದು ಬೆಳಗ್ಗೆಗೆ. ಕಾಯದೆ ಟ್ಯಾಕ್ಸಿ ಹತ್ತಿದ. ಅಲ್ಲಿಂದ ಹರಿಹರಕ್ಕೆ ಐದು ಗಂಟೆ. ದಾರಿಯುದ್ದಕ್ಕೂ ಫೋನ್ ಮಾಡಿ ಒಂದೇ ಮಾತು: "ಅಪ್ಪಾಜಿ ಹೆಂಗದಾರ?"

ಬೆಳಗಿನ ಜಾವ ಅವನು ಬಂದಾಗ ಅಪ್ಪನಿಗೆ ಎಚ್ಚರವಿತ್ತು. ಮಗನ ಕೈ ಹಿಡಿದು ಕೇಳಿದ್ದು ಇಷ್ಟೇ: "ಊಟ ಮಾಡೀಯೇನೋ?" ಸಂಜೆ ಹೊತ್ತಿಗೆ ಅವರಿಗೆ ಮಾತು ನಿಂತಿತು.